ಕಾಯಿ ಬಿಡದ ಬಳ್ಳಿ: ತಾರಸಿಯ ಕುಂಡಗಳಲ್ಲಿ ಮಡಹಾಗಲ ಉಳಿಸಿಕೊಂಡ ಒಂದು ಪ್ರಕರಣ

2019ರ ಮಾರ್ಚ್. ಸಾಗರದ ಹತ್ತಿರದ ನಮ್ಮೂರಲ್ಲಿ ತೋಟದ ದಾರಿ ಅಗಲ ಮಾಡಿಸಲು ಅಣ್ಣ ಜೆಸಿಬಿಯವನಿಗೆ ಹೇಳಿಯಾಗಿತ್ತು. ದಾರಿಯ ಎಡಕ್ಕೆ ಅಜ್ಜನ ಕಾಲದ ಬೇಲಿ. ಲಕ್ಕಿ ಗಿಡ, ಗ್ಲಿರಿಸೀಡಿಯಾ ಗೂಟ, ನಡುನಡುವೆ ಬಿದಿರಿನ ಮುಳ್ಳು. ಮಳೆಗಾಲ ಬಂತೆಂದರೆ ಅದರ ಮೇಲೆ ಮಡಹಾಗಲದ ಬಳ್ಳಿ ಹಬ್ಬುತ್ತಿತ್ತು. ಯಾರೂ ನೆಟ್ಟದ್ದಲ್ಲ, ಯಾರೂ ಗೊಬ್ಬರ ಹಾಕಿದ್ದೂ ಇಲ್ಲ. ಶ್ರಾವಣದಲ್ಲಿ ಒಂದು ಚಬ್ಬೆ ತುಂಬ ಕಾಯಿ ಸಿಗುತ್ತಿತ್ತು, ಅಷ್ಟೇ ನಮಗೆ ಗೊತ್ತಿದ್ದದ್ದು. ಕಾಯಿ ನೆಲ್ಲಿಗಿಂತ ತುಸು ದೊಡ್ಡದು, ದುಂಡಗೆ, ಮೈತುಂಬ ಒತ್ತಾದ ಮೆತ್ತನೆ ಮುಳ್ಳು. ಪೇಟೆಯಲ್ಲಿ ಸಿಗುವ ಉದ್ದನೆಯ ಮಡಹಾಗಲಕ್ಕೂ ಇದಕ್ಕೂ ಹುರಿದಾಗ ಬರುವ ಪರಿಮಳದಲ್ಲೇ ವ್ಯತ್ಯಾಸ.

ಜೆಸಿಬಿ ಬರುವ ಹಿಂದಿನ ದಿನ ನಾನು ಹಾರೆ ಹಿಡಿದು ಬೇಲಿಯ ಬುಡ ಅಗೆದೆ. ಬಳ್ಳಿ ಒಣಗಿ ತಿಂಗಳುಗಳಾಗಿತ್ತು, ಎಲ್ಲೆಲ್ಲಿ ಕಾಯಿ ಕೊಯ್ದಿದ್ದ ನೆನಪಿತ್ತೋ ಅಲ್ಲಲ್ಲೇ ಅಗೆದೆ. ಐದು ಗೆಡ್ಡೆ ಸಿಕ್ಕವು. ಗೋಣಿಚೀಲಕ್ಕೆ ಹಾಕಿಕೊಂಡು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟೆ. ಒಂದು ತಳಿ ಉಳಿಸಿದೆ ಎಂಬ ಹಮ್ಮು ಬೇರೆ.

ಈ ಬರಹ ಆ ಐದು ಗೆಡ್ಡೆಗಳ ಕಥೆ. ಅದರಲ್ಲಿ ನಾನು ಮಾಡಿದ ಎಡವಟ್ಟುಗಳದ್ದೇ ದೊಡ್ಡ ಪಾಲು.

ಮೊದಲ ವರ್ಷ: ಹೂವೇ ಹೂವು

ಬಾಡಿಗೆ ಮನೆಯ ತಾರಸಿ. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಐದು. ಬುಡದಲ್ಲಿ ಸುತ್ತಲೂ ತೂತು, ಕೆಂಪು ಮಣ್ಣು, ಮರಳು, ಹಳೆಯ ಸಗಣಿ ಗೊಬ್ಬರ. ಏಪ್ರಿಲ್ ಕೊನೆಗೆ ಎರಡು ಅಡ್ಡಮಳೆ ಬಿದ್ದದ್ದೇ ತಡ, ನಾಲ್ಕು ಬಕೆಟ್‌ಗಳಲ್ಲಿ ಕುಡಿ ಕಾಣಿಸಿತು. ಐದನೆಯದು ಏಳಲೇ ಇಲ್ಲ, ಅಗೆಯುವಾಗ ಹಾರೆ ತಗುಲಿದ್ದ ಗೆಡ್ಡೆ ಅದೇ ಇರಬೇಕು. ಜುಲೈ ಹೊತ್ತಿಗೆ ಬಟ್ಟೆ ಒಣಹಾಕುವ ತಂತಿ ಪೂರ್ತಿ ಬಳ್ಳಿಯ ಪಾಲಾಗಿತ್ತು.

ಸಂಜೆ ಆರೂವರೆ ದಾಟಿದ ಮೇಲೆ ಹೂ ಅರಳುತ್ತಿತ್ತು. ತಿಳಿ ಹಳದಿ, ಹತ್ತಿರ ಹೋದರೆ ಕಸ್ತೂರಿಯಂಥ ಒಂದು ವಾಸನೆ. ಪ್ರತಿ ಹೂವಿನ ಕೆಳಗೂ ಮೆಣಸಿನ ಕಾಳಿನಷ್ಟು ಪುಟ್ಟ ಕಾಯಿ, ಮುಳ್ಳಿನ ಸಮೇತ. ಬೆಳಗಾದರೆ ಹೂ ಬಾಡಿರುತ್ತಿತ್ತು, ಮೂರು ದಿನಕ್ಕೆ ಕಾಯಿ ಹಳದಿಯಾಗಿ ಉದುರುತ್ತಿತ್ತು. ಬೋರಾನ್ ಕೊರತೆ ಇರಬಹುದು ಎಂದು ಒಬ್ಬರು, ನೀರು ಜಾಸ್ತಿಯಾಯಿತು ಎಂದು ಇನ್ನೊಬ್ಬರು. ಎರಡನ್ನೂ ಸರಿಮಾಡಿದೆ, ಉದುರುವುದು ನಿಲ್ಲಲಿಲ್ಲ.

ಕಾರಣ ಶಾಲೆಯ ಪಾಠದಷ್ಟು ಸರಳ. ಮಡಹಾಗಲದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಪಪ್ಪಾಯಿಯ ಹಾಗೆ, ಖರ್ಜೂರದ ಹಾಗೆ. ಸೌತೆ, ಹೀರೆ, ಸಾದಾ ಹಾಗಲದಲ್ಲಿ ಒಂದೇ ಬಳ್ಳಿಯಲ್ಲಿ ಎರಡೂ ಬಗೆಯ ಹೂ ಬರುವುದರಿಂದ ನನ್ನ ತಲೆಯಲ್ಲಿ ಇದೂ ಅದೇ ಸಾಲಿನದು ಎಂದಿತ್ತು. ನಾನು ಕಾಯಿ ಬಿಟ್ಟ ಜಾಗ ನೆನಪಿಟ್ಟುಕೊಂಡು ಅಗೆದಿದ್ದೆ. ಅಂದರೆ ಆರಿಸಿ ಆರಿಸಿ ಹೆಣ್ಣು ಗೆಡ್ಡೆಗಳನ್ನಷ್ಟೇ ತಂದಿದ್ದೆ. ಬೇಲಿಯ ಯಾವುದೋ ತುದಿಯಲ್ಲಿ ಇದ್ದಿರಲೇಬೇಕಾದ ಗಂಡು ಬಳ್ಳಿ ಜೆಸಿಬಿ ಬಕೆಟ್ಟಿನಲ್ಲಿ ಹೋಗಿತ್ತು.

ಊರಿನಲ್ಲಿ ಆಗುವುದೂ ಇದೇ. ಬೇಲಿ ಸವರುವಾಗ ಕಾಯಿ ಬಿಡುವ ಬಳ್ಳಿಯನ್ನು ಹೆಂಗಸರು ಉಳಿಸಿ ಅಂತಾರೆ. ಕಾಯಿ ಬಿಡದ್ದನ್ನು ಯಾರೂ ಕೇಳುವುದಿಲ್ಲ, ಕತ್ತಿ ಮೊದಲು ಅದಕ್ಕೇ ಬೀಳುತ್ತದೆ. ನಾಲ್ಕು ವರ್ಷದ ನಂತರ 'ಈಗೀಗ ಬಳ್ಳಿ ಕಾಯೇ ಕಚ್ಚೂದಿಲ್ಲ' ಎಂಬ ದೂರು ಕೇಳಿಬರುತ್ತದೆ.

ನೀರು ಹಾಕಿ ಕೊಂದದ್ದು

ನವೆಂಬರಿಗೆ ಬಳ್ಳಿ ಒಣಗಿತು. ಗೆಡ್ಡೆ ಮಣ್ಣೊಳಗೆ ಮಲಗುವ ಕಾಲ ಅದು. ಆ ನಿದ್ದೆ ನಾಲ್ಕೈದು ತಿಂಗಳು ಇರುತ್ತದೆ. ನಾನು ಬಕೆಟ್ಟುಗಳನ್ನು ಇದ್ದಲ್ಲೇ ಬಿಟ್ಟೆ. ಪಕ್ಕದಲ್ಲಿ ಟೊಮೆಟೊ, ಮೆಣಸು, ಬಸಳೆ. ಗಿಡಗಳಿಗೆ ನೀರು ಹಾಕಲು ಬರುತ್ತಿದ್ದ ಹುಡುಗ ಪಾಪ ಭೇದಭಾವ ಮಾಡದೆ ಎಲ್ಲಕ್ಕೂ ದಿನಾ ಒಂದು ಚೊಂಬು ಹಾಕಿದ. ಫೆಬ್ರವರಿಯಲ್ಲಿ ಸಂಶಯ ಬಂದು ಬಕೆಟ್ ಬಗ್ಗಿಸಿದರೆ ಎರಡರಲ್ಲಿ ಗೆಡ್ಡೆ ಇದ್ದ ಜಾಗದಲ್ಲಿ ಕಂದು ಗಂಜಿ, ಕೊಳೆತ ಆಲೂಗಡ್ಡೆಯ ನಾತ.

ಉಳಿದದ್ದು ಎರಡು. ಯಾವ ಎರಡು? ಗೊತ್ತಿಲ್ಲ. ಗೆಡ್ಡೆ 1, ಗೆಡ್ಡೆ 2 ಎಂದು ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಬಿಸಿಲಿಗೆ ಮಾಸಿ ಬಕೆಟ್ ಬೆಳ್ಳಗಾಗಿತ್ತು. ಬೇಲಿಯಲ್ಲಿ ಒಂದೇ ಕಡೆ ಎರಡು ಗೆಡ್ಡೆ ಅಗೆದ ನೆನಪಿದೆ, ಅವು ಒಂದೇ ತಾಯಿಗೆಡ್ಡೆಯ ಮರಿಗಳಿದ್ದಿರಬಹುದು. ಉಳಿದ ಎರಡು ಅವೇ ಆಗಿದ್ದರೆ ನನ್ನ ಹತ್ತಿರ ಎರಡು ಬಕೆಟ್ ಇದ್ದರೂ ಬಳ್ಳಿ ಒಂದೇ ಎಂದಾಯಿತು. ಗೆಡ್ಡೆಯಿಂದ ಎದ್ದ ಬಳ್ಳಿ ತಾಯಿಯ ತದ್ರೂಪು, ಅದರಲ್ಲಿ ಹೊಸದೇನೂ ಇರುವುದಿಲ್ಲ. ಅಂದಿನಿಂದ ಪೆನ್ಸಿಲ್ಲಿನಲ್ಲೇ ಬರೆಯುತ್ತೇನೆ. ಮೊಸರಿನ ಡಬ್ಬಿ ಕತ್ತರಿಸಿದ ಪಟ್ಟಿಯ ಮೇಲೆ ಪೆನ್ಸಿಲ್ ಗೀಚಿದರೆ ಮೂರು ಮಳೆಗಾಲ ಕಂಡರೂ ಓದಬಹುದು. ಒಂದು ಪಟ್ಟಿ ಮೇಲೆ, ಇನ್ನೊಂದು ಮಣ್ಣೊಳಗೆ ಗೆಡ್ಡೆಯ ಪಕ್ಕ. ಮೇಲಿನದನ್ನು ಕಾಗೆ ಎತ್ತಿಕೊಂಡು ಹೋದರೂ ಒಳಗಿನದು ಇರುತ್ತದೆ.

ಈಗ ಬಳ್ಳಿ ಒಣಗಿದ ವಾರವೇ ಕುಂಡಗಳನ್ನು ಮೆಟ್ಟಿಲ ಕೆಳಗಿನ ನೆರಳಿಗೆ ಸಾಗಿಸಿ ಅಡ್ಡ ಮಲಗಿಸಿಬಿಡುತ್ತೇನೆ. ಮಲಗಿದ ಕುಂಡಕ್ಕೆ ಯಾರೂ ನೀರು ಹಾಕುವುದಿಲ್ಲ.

ಪರ ಊರಿನ ವರ

2020ರ ಬೇಸಿಗೆಯಲ್ಲಿ ಓಡಾಟವೇ ಬಂದ್. ಜೂನಿನಲ್ಲಿ ನರ್ಸರಿಯೊಂದಕ್ಕೆ ಫೋನ್ ಮಾಡಿ 'ಮಡಹಾಗಲದ ಗಂಡು ಗೆಡ್ಡೆ ಇದೆಯಾ?' ಎಂದೆ. ಇದೆ ಎಂದರು, ಕೊರಿಯರ್‌ನಲ್ಲಿ ಬಂತು, ಎದ್ದಿತು. ಹೂವೂ ಬಿಟ್ಟಿತು. ಮೊಗ್ಗಿನ ಬುಡಕ್ಕೆ ಪುಟ್ಟ ಮುಂಡಾಸಿನಂತೆ ಸುತ್ತಿಕೊಂಡ ಎಲೆಯೊಂದಿತ್ತು. ಗಂಡು ಹೂವನ್ನು ಅರಳುವ ಮೊದಲೇ ಗುರುತಿಸಲು ಅದೊಂದೇ ಸಾಕು. ಹೆಣ್ಣು ಹೂವಿನಲ್ಲಿ ಆ ಎಲೆ ಚಿಕ್ಕದು, ತೊಟ್ಟಿನ ಬುಡದ ಕಡೆ ಎಲ್ಲೋ ಇರುತ್ತದೆ. ನನಗೆ ಖುಷಿಯೋ ಖುಷಿ.

ಒಂದು ವಿಷಯ ಮಾತ್ರ ಹೊಂದಲಿಲ್ಲ. ನರ್ಸರಿಯ ಗಂಡು ಬೆಳಗಿನ ಜಾವ ಅರಳುತ್ತಿತ್ತು, ನನ್ನ ಹೆಣ್ಣು ಸಂಜೆ. ಹೂವೂ ದೊಡ್ಡದು, ಎಲೆಯೂ ದಪ್ಪ. ಅಲ್ಲೇ ನಿಂತು ಯೋಚಿಸಬೇಕಿತ್ತು. ನಾನು ಉಪಾಯ ಹುಡುಕಿದೆ. ಬೆಳಗ್ಗೆ ಗಂಡು ಹೂ ಕಿತ್ತು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು ಸಂಜೆ ತಂದು ಹೆಣ್ಣು ಹೂವಿಗೆ ಸವರಿದೆ. ಹದಿನೆಂಟು ಹೂವಿನಲ್ಲಿ ಮೂರು ಕಾಯಿ ನಿಂತವು. ಬೀಜದಲ್ಲಿ ಮುಕ್ಕಾಲು ಜೊಳ್ಳು. ಗಟ್ಟಿ ಇದ್ದ ನಾಲ್ಕನ್ನು ಮರುವರ್ಷ ಬಿತ್ತಿದೆ, ಎರಡು ಎದ್ದವು. ಬಳ್ಳಿ ಏನೋ ಸೊಂಪಾಗಿ ಬೆಳೆಯಿತು. ಅದರಲ್ಲಿ ಒಂದು ಗಂಡು. ಅದರ ಕೇಸರ ಒಡೆದು ಉಗುರಿನ ಮೇಲೆ ಉಜ್ಜಿದರೆ ಹಳದಿ ಪುಡಿಯೇ ಇಲ್ಲ.

ಆಮೇಲೆ ಓದಿ ತಿಳಿದದ್ದು: ನಾವು ಮಡಹಾಗಲ ಎಂದು ಕರೆಯುವುದು ಒಂದು ಗಿಡವನ್ನಲ್ಲ. ಸಂಜೆ ಅರಳುವ ಸಣ್ಣ ಕಾಯಿಯದ್ದು ಮೊಮೊರ್ಡಿಕಾ ಡಯೋಯಿಕಾ. ದೊಡ್ಡ ಕಾಯಿಯದ್ದು ಮೊಮೊರ್ಡಿಕಾ ಸಬ್‌ಆಂಗ್ಯುಲೇಟಾದ ಒಂದು ಉಪಜಾತಿ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಬಂದ 'ಅರ್ಕಾ ಭಾರತ್' ಈ ಗುಂಪಿಗೆ ಸೇರಿದ ತಳಿ, ಬೆಳಗ್ಗೆ ಕೈಯಲ್ಲೇ ಪರಾಗ ಮುಟ್ಟಿಸಿ ಬೆಳೆ ತೆಗೆಯುವವರು ಸಾಕಷ್ಟು ಜನ ಇದ್ದಾರೆ. ಇವೆರಡೂ ಸಾಲದೆಂದು ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಮೂರನೆಯದೊಂದಿದೆ, ಮೊಮೊರ್ಡಿಕಾ ಸಹ್ಯಾದ್ರಿಕಾ. ಕಡು ಹಳದಿಯ ದೊಡ್ಡ ಹೂ, ಅರಳುವುದು ಬೆಳಗ್ಗೆ. ಅದು ಬೇರೆಯೇ ಪ್ರಭೇದ ಎಂದು ಸಸ್ಯವಿಜ್ಞಾನಿಗಳು ಹೆಸರಿಟ್ಟದ್ದು 2007ರಲ್ಲಿ, ಮೊನ್ನೆ ಮೊನ್ನೆ.

ಡಯೋಯಿಕಾದ ಜೀವಕೋಶದಲ್ಲಿ ವರ್ಣತಂತುಗಳು (ಗುಣ ಸಾಗಿಸುವ ಕ್ರೋಮೋಸೋಮ್) 28. ದೊಡ್ಡ ಕಾಯಿಯದರಲ್ಲಿ ಅದರ ಇಮ್ಮಡಿ, 56. ಕೂಸಿಗೆ ದಾಟುವುದು ಅರ್ಧರ್ಧ: ಒಂದರಿಂದ 14, ಇನ್ನೊಂದರಿಂದ 28 ಸೇರಿ 42. ಈ 42 ಮೂರು ಪಾಲಿನ ಲೆಕ್ಕ, ಜೋಡಿ ಜೋಡಿಯಾಗಿ ಬೇರ್ಪಡಲು ಬರುವುದಿಲ್ಲ. ಹಾಗಾಗಿ ಪರಾಗವಿಲ್ಲ, ಬೀಜವಿಲ್ಲ. ಕುದುರೆ ಕತ್ತೆ ಕೂಡಿ ಹುಟ್ಟಿದ ಹೇಸರಗತ್ತೆ ಬಂಜೆಯಾಗುವುದಕ್ಕೆ ಹತ್ತಿರದ ಕಥೆಯೇ. ನರ್ಸರಿಯವರು ಸುಳ್ಳು ಹೇಳಿರಲಿಲ್ಲ. ಮಡಹಾಗಲ ಕೇಳಿದೆ, ಮಡಹಾಗಲ ಕೊಟ್ಟರು. ಹೂ ಎಷ್ಟು ಹೊತ್ತಿಗೆ ಅರಳುತ್ತದೆ ಎಂದು ಕೇಳಬೇಕಾದವನು ನಾನು. ಎರಡು ಮಳೆಗಾಲ ಹೀಗೆ ಹೋಯಿತು.

ಈ ಹಂತದಲ್ಲಿ ಗೆಳೆಯರೊಬ್ಬರು ಇನ್ನೊಂದು ದಾರಿ ತೋರಿಸಿದರು. ಹೆಣ್ಣು ಬಳ್ಳಿಯ ಕುಡಿಗೆ ಸಿಲ್ವರ್ ನೈಟ್ರೇಟ್ (ಬೆಳ್ಳಿಯ ಒಂದು ಲವಣ) ದ್ರಾವಣ ಸಿಂಪಡಿಸಿದರೆ ಅದರಲ್ಲೇ ಪರಾಗವಿರುವ ಹೂ ಬರುತ್ತದೆ. ಮಡಹಾಗಲದಲ್ಲಿ ಇದು ಪ್ರಯೋಗವಾಗಿ ಸಾಬೀತಾದ ವಿಷಯ. ಗಾಂಜಾ ಬೆಳೆಯಲು ಕಾನೂನು ಬಿಟ್ಟ ದೇಶಗಳಲ್ಲಿ ಕುಂಡದಲ್ಲಿ ತಳಿ ಮಾಡುವವರ ಕೈಯಲ್ಲೂ ಇದೇ ಬೆಳ್ಳಿಯ ಉಪಾಯವಿದೆ. ಅದೂ ಗಂಡು-ಹೆಣ್ಣು ಬೇರೆಬೇರೆ ಇರುವ ಗಿಡ, ಅವರಿಗೆ ಬೇಕಾದ್ದು ಹೆಣ್ಣು ಸಸಿ ಮಾತ್ರ. (ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಒಂದೇ ಒಂದು ಗಾಂಜಾ ಗಿಡ ಕುಂಡದಲ್ಲಿಟ್ಟರೂ ಅಪರಾಧ. ತಾರಸಿ ಗೆಳೆಯರು ನನ್ನ ಬಳ್ಳಿ ನೋಡಿ ತಮಾಷೆ ಮಾಡುವುದುಂಟು, ಹಾಗಾಗಿ ಹೇಳಿಬಿಟ್ಟೆ.) ನಾನು ಬೆಳ್ಳಿಗೆ ಕೈ ಹಾಕಲಿಲ್ಲ. ಒಂದೇ ಬಳ್ಳಿಯ ಪರಾಗ ಅದೇ ಬಳ್ಳಿಗೆ ಮುಟ್ಟಿಸಿ ಬೀಜ ಮಾಡಿದರೆ ಇದ್ದ ಒಂದು ಬಳ್ಳಿಯ ಗುಣವನ್ನೇ ಮಗುಚಿ ಹಾಕಿದಂತೆ. ನನಗೆ ಬೇಕಿದ್ದದ್ದು ಬೇಲಿ, ಬೇಲಿಯಲ್ಲಿ ಎರಡೂ ಇರುತ್ತಿದ್ದವು.

ಅತ್ತೆಯ ಕೊಟ್ಟಿಗೆ ಹಿಂದೆ

2021ರ ಆಗಸ್ಟಿನಲ್ಲಿ ಊರಿಗೆ ಹೋದಾಗ ಸಿದ್ದಾಪುರದ ಕಡೆ ಇರುವ ಸೋದರತ್ತೆಯ ಮನೆಗೂ ಹೋದೆ. ಎಂಬತ್ತು ದಾಟಿದವರು. ಕೊಟ್ಟಿಗೆಯ ಹಿಂದೆ ಸೌದೆ ರಾಶಿಯ ಮೇಲೆ ಬಳ್ಳಿ. ಸಂಜೆಯವರೆಗೆ ಕೂತೆ. ಏಳು ಗಂಟೆಗೆ ಹೂ ಅರಳಿತು: ತಿಳಿ ಹಳದಿ, ಅದೇ ವಾಸನೆ, ಬುಡಕ್ಕೆ ಮುಂಡಾಸು.

"ಅದು ಗಂಡು ಬಳ್ಳಿ ತಮಾ, ಕಾಯಿ ಬಿಡ್ತಿಲ್ಲೆ. ಎಂತಕ್ಕೆ ಅದು?"

ಎಂತಕ್ಕೆ ಎಂದು ಹೇಳಿದೆ. ಅತ್ತೆ ನಕ್ಕರು. ಮದುವೆಯಾಗಿ ಬಂದ ಮರುವರ್ಷ ತವರಿಂದ, ಅಂದರೆ ನಮ್ಮ ಮನೆ ಬೇಲಿಯಿಂದ, ಎರಡು ಗೆಡ್ಡೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರಂತೆ. ಅವು ಹೆಣ್ಣು, ಈಗಿಲ್ಲ. ಈ ಗಂಡು ಆಮೇಲೆ ಯಾವಾಗಲೋ ಬೀಜ ಬಿದ್ದು ತಾನಾಗಿ ಹುಟ್ಟಿದ್ದು. ಅದರ ತಾಯಿ ನಮ್ಮ ಮನೆಯದೇ ಇರಬಹುದು, ತಂದೆ ಯಾವ ಬೇಲಿಯವನೋ. ಅತ್ತೆ ಅದನ್ನು ಕಡಿಸದೆ ಬಿಟ್ಟದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಸೌದೆ ರಾಶಿಗೆ ನೆರಳಾಗುತ್ತದೆ ಎಂದು.

ಆಗಲೇ ಕೀಳುವ ಆಸೆ ತಡೆದುಕೊಂಡೆ. ಹಸಿರು ಬಳ್ಳಿ ಇರುವಾಗ ಗೆಡ್ಡೆ ಕದಲಿಸಿದರೆ ಏಳುವ ಭರವಸೆ ಕಡಿಮೆ. 2022ರ ಮಾರ್ಚಿನಲ್ಲಿ ಮತ್ತೆ ಹೋಗಿ ತಂದೆ. ಪೂರ್ತಿ ತರಲಿಲ್ಲ, ಪಕ್ಕದ ಮರಿಗೆಡ್ಡೆ ಮಾತ್ರ. ತಾಯಿ ಅಲ್ಲೇ ಇರಲಿ ಎಂದು.

ಕೈಯಾರೆ ಮಾಡಿದ ಮದುವೆ

ಆ ವರ್ಷದ ಜುಲೈ-ಆಗಸ್ಟ್ ನನ್ನ ಸಂಜೆಗಳೆಲ್ಲ ತಾರಸಿಯಲ್ಲೇ. ನರ್ಸರಿಯ ಬಳ್ಳಿಯನ್ನೂ ಅದರ ಬಂಜೆ ಮಕ್ಕಳನ್ನೂ ಮೊದಲೇ ಬೇರೆಯವರಿಗೆ ಕೊಟ್ಟಿದ್ದೆ, ಪರಾಗ ಬೆರಕೆಯಾಗಬಾರದೆಂದು. ಮಧ್ಯಾಹ್ನ ನಾಲ್ಕಕ್ಕೆ ಅಂದು ಅರಳಲಿರುವ ಹೆಣ್ಣು ಮೊಗ್ಗಿಗೆ ಸೊಳ್ಳೆ ಪರದೆ ಬಟ್ಟೆಯ ಪುಟ್ಟ ಚೀಲ ತೊಡಿಸುವುದು. ಮೊಗ್ಗು ಉಬ್ಬಿ ತುದಿ ತಿಳಿ ಹಳದಿಗೆ ತಿರುಗಿದ್ದರೆ ಅದು ಇವತ್ತಿನದು. ಏಳು ಗಂಟೆಗೆ ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಕೇಸರದ ಗುಪ್ಪೆಯನ್ನು ಹೆಣ್ಣು ಹೂವಿನ ನಡುವಿಗೆ ಎರಡು ಸಲ ತಾಗಿಸಿ ಮತ್ತೆ ಚೀಲ. ತೊಟ್ಟಿಗೆ ಕೆಂಪು ದಾರ. ದಾರವಿದ್ದರೆ ನನ್ನ ಕೆಲಸ, ಇಲ್ಲದಿದ್ದರೆ ಹುಳುವಿನದು.

ಹದಿನಾಲ್ಕು ಹೂವಿಗೆ ಮುಟ್ಟಿಸಿದೆ, ಒಂಬತ್ತು ಕಾಯಿ ಕಚ್ಚಿದವು. ಚೀಲ ಬೇಗ ತೆಗೆದ ಮೂರಕ್ಕೆ ಹಣ್ಣುನೊಣ ಚುಚ್ಚಿ ಒಳಗೆ ಹುಳ. ಆರು ಉಳಿದವು. ಅಡುಗೆಗಾದರೆ ಎಳೆಯದನ್ನು ಕೊಯ್ಯುತ್ತೇವೆ, ಬೀಜಕ್ಕೆ ಹಣ್ಣಾಗುವ ತನಕ ಬಿಡಬೇಕು. ಕಿತ್ತಳೆ ಬಣ್ಣಕ್ಕೆ ತಿರುಗಿ ತಾನೇ ಬಿರಿದು ಒಳಗಿನ ಕೆಂಪು ತಿರುಳು ಕಾಣುವವರೆಗೆ. ಹೆಂಡತಿ ದಿನಾ ಅವುಗಳ ಕೆಳಗೆ ಓಡಾಡುತ್ತ, "ಆರೂ ಬೀಜಕ್ಕೇನಾ? ಒಂದಾದ್ರೂ ಹುರಿಯೋದಕ್ಕಿಲ್ವಾ?" ಎನ್ನುತ್ತಿದ್ದಳು. ಇಲ್ಲ ಎಂದೆ. ಆ ಮಾತು ಮನೆಯಲ್ಲಿ ಇನ್ನೂ ಚಾಲ್ತಿಯಲ್ಲಿದೆ.

ಎಪ್ಪತ್ತೊಂದು ಬೀಜ. ತಿರುಳು ತೊಳೆದು ನೆರಳಲ್ಲಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಜಿನ ಸೀಸೆಗೆ. ಹೊಸ ಬೀಜ ಬಿತ್ತಿದರೆ ಏಳುವುದಿಲ್ಲ, ಅದಕ್ಕೂ ಗೆಡ್ಡೆಯ ಹಾಗೆ ನಿದ್ದೆ ಬೇಕು. 2023ರ ಏಪ್ರಿಲಿನಲ್ಲಿ ನಲವತ್ತನ್ನು ತೆಗೆದು, ನೇಲ್ ಕಟ್ಟರ್‌ನಿಂದ ಅಂಚನ್ನು ಹಗುರಕ್ಕೆ ಚಿವುಟಿ, ಒಂದು ರಾತ್ರಿ ನೆನೆಸಿ ಬಿತ್ತಿದೆ. ಹತ್ತೊಂಬತ್ತು ಎದ್ದವು. ಉಳಿದ ಮೂವತ್ತೊಂದು ಸೀಸೆಯಲ್ಲೇ ಇವೆ. ಇದ್ದ ಬೀಜವನ್ನೆಲ್ಲ ಒಮ್ಮೆಗೇ ಬಿತ್ತುವಷ್ಟು ಧೈರ್ಯ ಆ ಹೊತ್ತಿಗೆ ನನ್ನಲ್ಲಿ ಉಳಿದಿರಲಿಲ್ಲ.

ಹತ್ತೊಂಬತ್ತು ಬಳ್ಳಿ, ತಾರಸಿ ಒಂದು

ಸಸಿ ನೋಡಿ ಗಂಡೋ ಹೆಣ್ಣೋ ಹೇಳಲಾಗದು. ಹೂ ಬಿಡುವ ತನಕ ಎಲ್ಲಕ್ಕೂ ಕುಂಡ, ಮಣ್ಣು, ಚಪ್ಪರ ಕೊಡಲೇಬೇಕು. ಹನ್ನೊಂದು ಅದೇ ವರ್ಷ ಹೂ ಬಿಟ್ಟವು, ಆರು ಮರುವರ್ಷ. ಎರಡು ಇನ್ನೂ ಸುಮ್ಮನಿವೆ. ಲೆಕ್ಕ: ಗಂಡು ಹತ್ತು, ಹೆಣ್ಣು ಏಳು.

ಹೆಣ್ಣನ್ನು ಆರಿಸುವುದು ಸುಲಭ. 2024ರಲ್ಲಿ ಏಳರಲ್ಲಿ ಐದರ ಕಾಯಿ ನಮ್ಮ ಬೇಲಿಯ ಹಾಗೇ ದುಂಡಗೆ, ಎರಡರದ್ದು ತುಸು ಉದ್ದ, ಮುಳ್ಳು ವಿರಳ. ಗಂಡನ್ನು ಏನು ನೋಡಿ ಆರಿಸುವುದು? ಬೀಜದ ಹೋರಿಯ ಹಾಲು ಕರೆದು ನೋಡಲಾಗುತ್ತದೆಯೇ? ಅದರ ಮಗಳು ಕರು ಹಾಕಿ ಹಾಲು ಕೊಟ್ಟ ಮೇಲೆ ಹೋರಿಯ ಯೋಗ್ಯತೆ ತಿಳಿಯುತ್ತದೆ. ಇಲ್ಲಿಯೂ ಹಾಗೇ. ಒಂದೊಂದು ಗಂಡಿನ ಪರಾಗವನ್ನು ಒಂದೇ ಹೆಣ್ಣಿಗೆ ಬೇರೆಬೇರೆ ದಾರ ಕಟ್ಟಿ ಮುಟ್ಟಿಸಿ, ಬೀಜ ಬಿತ್ತಿ, ಹೆಣ್ಣುಮಕ್ಕಳ ಕಾಯಿ ನೋಡಬೇಕು. ಎರಡು ಮೂರು ವರ್ಷದ ಕೆಲಸ. ಅಷ್ಟು ದಿನ ಕಾಯಿ ಬಿಡದ ಬಳ್ಳಿಗಳಿಗೆ ತಾರಸಿಯ ಮುಕ್ಕಾಲು ಜಾಗ ಬಿಟ್ಟುಕೊಡಬೇಕು. ಬೆಳೆಗಾರರು ಸುಮಾರಾಗಿ ಹತ್ತು ಹೆಣ್ಣಿಗೆ ಒಂದು ಗಂಡು ಇಡುತ್ತಾರೆ. ಕಾಯಿ ಬೇಕಾದವರಿಗೆ ಅದು ಸರಿಯಾದ ಲೆಕ್ಕ. ತಳಿ ಉಳಿಸುವವನು ಅದನ್ನು ನಂಬಿದರೆ ಮುಂದಿನ ಸಂತಾನವೆಲ್ಲ ಒಬ್ಬ ತಂದೆಯ ಮಕ್ಕಳಾಗುತ್ತದೆ, ಅದರ ಮುಂದಿನದು ಅಣ್ಣತಂಗಿಯರ ಸಂಬಂಧ.

ನಾನು ಹತ್ತರಲ್ಲಿ ನಾಲ್ಕು ಗಂಡು ಇಟ್ಟುಕೊಂಡೆ. ಯಾವ ನಾಲ್ಕು ಎಂಬುದಕ್ಕೆ ಶಾಸ್ತ್ರವೇನಿಲ್ಲ. ಬೇಗ ಹೂ ಬಿಟ್ಟದ್ದೊಂದು, ತಡವಾಗಿ ಬಿಟ್ಟದ್ದೊಂದು, ಎಲೆಗೆ ಬೂದಿರೋಗ ತಾಗದ್ದೊಂದು, ಇನ್ನೊಂದು ಸುಮ್ಮನೆ. ಒಂದೇ ಗುಣ ನೋಡಿ ನಾಲ್ಕನ್ನೂ ಆರಿಸಿದ್ದರೆ ಬೇರೆ ಏನೇನೋ ಕೈಬಿಟ್ಟು ಹೋಗುತ್ತಿತ್ತು.

ಕುಂಡದ ಬಗ್ಗೆ ಒಂದು ಮಾತು. ಅದು ತಂಗುದಾಣ, ಮನೆಯಲ್ಲ. ಬೇಲಿಯ ಬುಡದ ಗೆಡ್ಡೆ ವರ್ಷ ವರ್ಷಕ್ಕೆ ದಪ್ಪವಾಗುತ್ತಿತ್ತು, ನನ್ನ ಬಕೆಟ್ಟಿನದು ಎರಡು ವರ್ಷಕ್ಕೆ ಬುಡ ಮುಟ್ಟಿ ಚಪ್ಪಟೆಯಾಗುತ್ತದೆ. ಹಳೆ ಮಣ್ಣನ್ನೇ ಮತ್ತೆ ತುಂಬಿದ ಒಂದು ವರ್ಷ ಬೇರಿನ ತುಂಬ ಗಂಟು, ಜಂತುಹುಳುವಿನ ಕಾಟ. ಈಗ ಏಪ್ರಿಲಿನಲ್ಲಿ ಮಣ್ಣನ್ನು ತಾರಸಿಯ ಮೇಲೆ ತೆಳ್ಳಗೆ ಹರಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಹೊದಿಸಿ ಮೂರು ನಾಲ್ಕು ವಾರ ಬೇಯಲು ಬಿಡುತ್ತೇನೆ. ಇಷ್ಟೆಲ್ಲ ಮಾಡಿದರೂ ಒಂದು ನೀರಿನ ಟ್ಯಾಂಕ್ ಉಕ್ಕಿದರೆ, ಮನೆ ಮಾಲೀಕರು ತಾರಸಿಗೆ ಶೀಟ್ ಹಾಕಿಸಿದರೆ, ಎಲ್ಲ ಮುಗಿಯಿತು. ಅದಕ್ಕೇ 2025ರ ಮಾರ್ಚಿನಲ್ಲಿ ಮರಿಗೆಡ್ಡೆಗಳನ್ನು ಬಿಡಿಸಿ ಮೂರು ಕಡೆ ಹಂಚಿದೆ. ಹೆಣ್ಣು ಮತ್ತು ಗಂಡು ಒಟ್ಟಿಗೇ, ಗಂಡಿಗೆ ನೀಲಿ ದಾರ ಕಟ್ಟಿ.

ಅಣ್ಣನ ಹೊಸ ಬೇಲಿ ಸಿಮೆಂಟ್ ಕಂಬ ಮತ್ತು ತಂತಿಯದು. ಅದರ ಬುಡದಲ್ಲಿ ಆರು ಗೆಡ್ಡೆ ನೆಟ್ಟು ಬಂದೆ. ಜುಲೈನಲ್ಲಿ ಅತ್ತಿಗೆ ಫೋನ್ ಮಾಡಿದರು. ಆರೂ ಎದ್ದಿವೆ, ಎರಡಕ್ಕೆ ಬರೀ ಹೂವು, ಕಾಯಿಯ ಸುಳಿವಿಲ್ಲ, ಕಿತ್ತು ಬಿಸಾಡಲಾ ಎಂದು ಕೇಳಿದರು. ಬುಡದಲ್ಲಿ ನೀಲಿ ದಾರ ಇದೆಯಾ ನೋಡಿ ಅತ್ತಿಗೆ ಎಂದೆ. ದಾರವನ್ನು ಕರು ತಿಂದಿತ್ತು.